ಚುಕ್ಕೆ ನಿಂತ ಜಾಗ

ವ್ಯಾನಿನ ಸೀಟಿನ ಕೆಳಗೆ ತಲೆ ತೂರಿಸಿ ಕೆಲಸ ಮಾಡುವವರಿಗೆ ಸೊಂಟ ಇರಬಾರದು. ನನಗೆ ಇದೆ, ಅದೂ ಐವತ್ತರ ಅಂಚಿಗೆ ಬಂದ ಹೆಂಗಸಿನ ಸೊಂಟ. ಪುಣೆಯಲ್ಲಿ ನನ್ನ ಹೊಟ್ಟೆಪಾಡೆಂದರೆ ಬೇರೆಯವರ ಗಾಡಿಗಳಲ್ಲಿ ಗೇಟ್‌ವೇ ಕೂರಿಸುವುದು. ಹೆಸರು ದೊಡ್ಡದು, ನೋಡಿದರೆ ಇಟ್ಟಿಗೆಯಷ್ಟು ಒಂದು ಲೋಹದ ಪೆಟ್ಟಿಗೆ. ಒಳಗೆ ಮೊಬೈಲಿನಲ್ಲಿ ಇರುವಂಥದೇ ಸಿಮ್ ಕಾರ್ಡು. ಹೊರಗೆ ಎರಡು ಆಂಟೆನಾ. ಒಂದು ಆಕಾಶದ ಉಪಗ್ರಹಗಳಿಗೆ ಕಿವಿಗೊಟ್ಟು ಗಾಡಿ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ, ಇನ್ನೊಂದು ಮೊಬೈಲ್ ಟವರಿನ ಮೂಲಕ ಅದನ್ನು ಊರಿಗೆಲ್ಲ ಸಾರುತ್ತದೆ.

ಕೂರಿಸುವುದು ಅರ್ಧ ಕೆಲಸ. ಉಳಿದರ್ಧ ಅದಕ್ಕೆ ಬುದ್ಧಿ ಹೇಳುವುದು. ಲ್ಯಾಪ್‌ಟಾಪಿನಿಂದ ಒಂದು ತಂತಿ ಎಳೆದು ಅದರ ಸೆಟ್ಟಿಂಗ್ ಪುಟ ತೆರೆಯಬೇಕು. ಯಾವ ಸರ್ವರಿಗೆ ಸುದ್ದಿ ಕಳಿಸಬೇಕು, ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕು, ಗಾಡಿ ಎಷ್ಟು ದೂರ ಸರಿದರೆ ಕಳಿಸಬೇಕು, ಇಂಜಿನ್ ಬಂದಾದ ಮೇಲೆ ಎಷ್ಟು ಹೊತ್ತು ಎಚ್ಚರವಿರಬೇಕು, ಎಲ್ಲವನ್ನೂ ಅಲ್ಲಿ ತುಂಬಬೇಕು. ಗಡಿಯಾರದ ಗೋಳು ಬೇರೆ. ಈ ಪೆಟ್ಟಿಗೆಗಳು ಹುಟ್ಟಿನಿಂದ ಲಂಡನ್ನಿನ ಹೊತ್ತನ್ನೇ ನಂಬುತ್ತವೆ. ಅದನ್ನು ನಮ್ಮ ಹೊತ್ತಿಗೆ ತಿರುಗಿಸಲು ಮರೆತರೆ ಪುಣೆಯ ಗಾಡಿಗಳೆಲ್ಲ ಬೆಳಗಿನ ಜಾವಕ್ಕೇ ಹೊರಟಂತೆ ಕಾಣಿಸಿ ಗಿರಾಕಿಗಳು ನನಗೆ ಫೋನ್ ಮಾಡಿ ಬೈಯುತ್ತಾರೆ. ಬೈಸಿಕೊಳ್ಳುವುದೂ ಕೆಲಸದ ಭಾಗ ಎಂದು ಸೇರುವಾಗ ಯಾರೂ ಹೇಳಿರಲಿಲ್ಲ.

ಕೋಥರೂಡದಲ್ಲಿ ನಮ್ಮ ಸೊಸೈಟಿಯಿಂದ ಸ್ವಲ್ಪ ದೂರಕ್ಕೆ ಒಂದು ದೊಡ್ಡ ಅಡುಗೆಮನೆ ಇದೆ. ಮಾಲೀಕರು ಕರಾವಳಿಯವರು. ಮೊದಲು ಸಣ್ಣ ಹೋಟೆಲು ನಡೆಸುತ್ತಿದ್ದವರು, ಈಗ ಊರಿನ ಆಚೆ ತುದಿಯ ವಾಕಡದಲ್ಲಿರುವ ಒಂದು ಕಂಪನಿಯ ಕ್ಯಾಂಟೀನಿಗೆ ಮಧ್ಯಾಹ್ನದ ಊಟ ಕಳಿಸುತ್ತಾರೆ. ಊಟದ ವ್ಯಾನು ರಸ್ತೆಯಲ್ಲಿ ಎಲ್ಲಿದೆ ಎಂದು ತನಗೆ ಕಾಣಿಸುತ್ತಿರಬೇಕು ಎಂಬುದು ಕಂಪನಿಯ ಷರತ್ತು. ಅನ್ನ ಬಿಸಿಲಲ್ಲಿ ನಿಂತು ಕೆಟ್ಟರೆ ಯಾರು ಹೊಣೆ ಎಂದು ಕೇಳಿದರಂತೆ. ನ್ಯಾಯವೇ. ಹಾಗಾಗಿ ನನಗೆ ಕರೆ ಬಂತು. ಮನೆ ಹತ್ತಿರ ಎಂಬ ಕಾರಣಕ್ಕೆ ಇಂಥ ಕೆಲಸಗಳನ್ನೆಲ್ಲ ನಮ್ಮ ಆಫೀಸು ನನ್ನ ತಲೆಗೇ ಕಟ್ಟುತ್ತದೆ.

ವ್ಯಾನಿನ ಡ್ರೈವರಿಗೆ ವಾರದ ರಜೆ ಇದ್ದ ದಿನ ನೋಡಿಯೇ ಮಾಲೀಕರು ನನ್ನನ್ನು ಕರೆದಿದ್ದರು. ನಾನು ಸೀಟಿನ ಕೆಳಗಿನಿಂದ ಎದ್ದು ಧೂಳು ಕೊಡವಿಕೊಳ್ಳುತ್ತಿದ್ದಾಗ ಹತ್ತಿರ ಬಂದು ದನಿ ಇಳಿಸಿದರು.

"ಡ್ರೈವರಿಗೆ ಎಂತದೂ ಹೇಳ್ಬೇಡಿ ಮೇಡಂ. ಇಂಜಿನ್ ಚೆಕ್ ಮಾಡುವ ಪೆಟ್ಟಿಗೆ ಅಂತ ಹೇಳಿದ್ದೇನೆ. ಗೊತ್ತಾದ್ರೆ ವಯರ್ ಕಿತ್ತು ಬಿಸಾಡ್ತಾರೆ, ಇಲ್ಲದಿದ್ರೆ ಕೆಲಸ ಬಿಟ್ಟೇ ಹೋಗ್ತಾರೆ. ಈ ಡ್ರೈವರುಗಳ ಕತೆ ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಹತ್ತರಲ್ಲಿ ಎಂಟು ಮಾಲೀಕರು ಇದನ್ನೇ ಹೇಳುತ್ತಾರೆ. ನಾನು ತಲೆಯಾಡಿಸಿದೆ. ಉಪಗ್ರಹ ಹಿಡಿಯುವ ಆಂಟೆನಾ ಕಪ್ಪಗೆ, ಗುಂಡಗೆ, ಚಕ್ಕುಲಿಯಷ್ಟು ಅಗಲ ಇರುತ್ತದೆ. ಲೋಹದ ಮೇಲೆ ಗಟ್ಟಿಯಾಗಿ ಕೂರಲಿ ಎಂದು ಅದರ ತಳದಲ್ಲಿ ಅಯಸ್ಕಾಂತ ಇಟ್ಟಿರುತ್ತಾರೆ. ಆ ವ್ಯಾನಿನ ಮುಂದಿನ ಹಲಗೆ ಪ್ಲಾಸ್ಟಿಕ್ಕಿನದು. ಅಂಟು ಪಟ್ಟಿ ಹಾಕಿ ಗಾಜಿನ ಹತ್ತಿರ, ಹಲಗೆಗೆ ಹಾಸಿದ್ದ ಬಟ್ಟೆಯ ಕೆಳಗೆ ಅಡಗಿಸಿ ಕೂರಿಸಿದೆ.

ಪ್ರಯೋಗಕ್ಕೆಂದು ಮಾಲೀಕರಿಂದಲೇ ಗಾಡಿ ಓಡಿಸಿ ಒಂದು ಸುತ್ತು ಹೋಗಿ ಬಂದಾಗ ಮೇಲ್ಸೇತುವೆಯ ಕೆಳಗೆ ನಕಾಶೆಯ ಮೇಲಿನ ಹಸಿರು ಚುಕ್ಕೆ ಕ್ಷಣಕಾಲ ಮಾಯವಾಯಿತು. ಮಾಲೀಕರ ಜೀವ ಬಾಯಿಗೆ ಬಂತು. "ಚುಕ್ಕೆ ಕಾಣದಿದ್ರೆ ಕಂಪನಿಯವರು ಆಗಲೇ ಫೋನ್ ಮಾಡ್ತಾರೆ ಮಾರಾಯ್ರೆ, ಅದು ಯಾವಾಗಲೂ ಕಾಣ್ಬೇಕು" ಎಂದರು. ಅದಕ್ಕೂ ಒಂದು ಸೆಟ್ಟಿಂಗ್ ಇದೆ. ಆಕಾಶ ಕಾಣದಿದ್ದಾಗ ಕೊನೆಗೆ ಗೊತ್ತಿದ್ದ ಜಾಗವನ್ನೇ ಮತ್ತೆ ಮತ್ತೆ ಕಳಿಸುತ್ತಿರು ಎಂದು ಪೆಟ್ಟಿಗೆಗೆ ಹೇಳಬಹುದು. ಇದು ಹಳೆಯ ಸುದ್ದಿ ಎಂಬ ಗುರುತೂ ಅದರ ಜೊತೆಗೇ ಹೋಗುತ್ತದೆ. ಆದರೆ ಮಾಲೀಕರೂ ಕಂಪನಿಯವರೂ ನೋಡುವ ಪರದೆಯಲ್ಲಿ ಆ ಗುರುತಿಗೆ ಜಾಗವಿಲ್ಲ, ಸರ್ವರು ಅದನ್ನು ಉಳಿಸಿಡುವುದೂ ಇಲ್ಲ, ಬರೀ ಚುಕ್ಕೆ. ಆ ಸೆಟ್ಟಿಂಗ್ ಹಾಕುವಾಗಲೇ ಇದನ್ನು ನಾನು ವಿವರಿಸಿ ಹೇಳಿದೆ. ಅವರು ಹೂಂ ಹೂಂ ಎನ್ನುತ್ತ ಸಾಂಬಾರಿನ ಕಡೆ ನೋಡುತ್ತಿದ್ದರು. ಹಳಸಿದ ಅನ್ನವನ್ನು ಮೂಗಿನಿಂದಲೇ ಗುರುತಿಸುವ ಮನುಷ್ಯನಿಗೆ ಹಳಸಿದ ಚುಕ್ಕೆಯ ಮಾತು ತಲೆಗೆ ಹತ್ತಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ದಿನ ಅವರದೇ ಫೋನು.

"ಮೇಡಂ, ನನ್ನ ಡ್ರೈವರ್ ಕೈ ಕೊಟ್ಟ. ದಿನಾ ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ ಹರಟೆ ಹೊಡೀತಾನೆ. ಆಮೇಲೆ ಒಮ್ಮೆಲೇ ವಾಕಡದ ಹತ್ತಿರ ಎದ್ದು ಬರ್ತಾನೆ. ಎಷ್ಟು ಸ್ಪೀಡು ಅಂತೀರಿ! ವಿಮಾನ ಕೂಡ ಹಾಗೆ ಹೋಗ್ಲಿಕ್ಕಿಲ್ಲ."

ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುವವರು ಡ್ರೈವರನ್ನು ಬದಲಿಸಿ, ಇಲ್ಲವಾದರೆ ನಾವು ಅಡುಗೆಯವರನ್ನೇ ಬದಲಿಸುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರಂತೆ. ಒಬ್ಬನೇ ಮನುಷ್ಯ ಸೋಮಾರಿಯೂ ಆಗಿದ್ದಾನೆ, ಹುಚ್ಚು ವೇಗದವನೂ ಆಗಿದ್ದಾನೆ. ಇದು ಹೇಗೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಊಟ ತಡವಾಗಿ ಮುಟ್ಟಿದೆಯೇ ಎಂದು ಕೇಳಿದೆ. "ಇಲ್ಲ, ಊಟ ಸರಿಯಾದ ಹೊತ್ತಿಗೇ ಮುಟ್ತದೆ, ಅದು ಬೇರೆ ವಿಷಯ" ಎಂದರು.

"ನೀವೊಮ್ಮೆ ನೋಡಿ, ಪೆಟ್ಟಿಗೆ ಸರಿ ಉಂಟು ಅಂತ ಹೇಳಿಬಿಡಿ. ಈ ಶನಿವಾರ ಅವನನ್ನು ಬಿಡಿಸ್ತೇನೆ. ಅವನಿಗೆ ಇನ್ನೂ ಎಂತ ಹೇಳ್ಲಿಲ್ಲ."

ಆ ಡ್ರೈವರನ್ನು ನಾನು ದೂರದಿಂದ ಕಂಡಿದ್ದೆ. ವಿಜಯಪುರದ ಕಡೆಯವರು, ನನಗಿಂತ ಹಿರಿಯರು. ಮಾಲೀಕರು ಸಣ್ಣ ಹೋಟೆಲು ನಡೆಸುತ್ತಿದ್ದಾಗಿನಿಂದ ಅವರ ಗಾಡಿ ಹೊಡೆಯುತ್ತಿದ್ದರು. ಆ ವಯಸ್ಸಿನವರನ್ನು ಒಮ್ಮೆ ಬಿಡಿಸಿದರೆ, ಅದೂ ಕೆಲಸಗಳ್ಳ ಎಂಬ ಹೆಸರು ಹೊರಿಸಿ ಬಿಡಿಸಿದರೆ, ಪುಣೆಯಲ್ಲಿ ಇನ್ನೊಬ್ಬರು ಕರೆದು ಕೀಲಿ ಕೊಡುವುದಿಲ್ಲ.

ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಿಂದ ಆ ಪೆಟ್ಟಿಗೆಯ ಒಳಹೊಕ್ಕು ನೋಡಿದೆ. ವ್ಯಾನು ಅಂಗಳದಲ್ಲಿ ನಿಂತಿತ್ತು. ಸಿಮ್ ಸರಿ, ಸರ್ವರ್ ಸರಿ, ಗಡಿಯಾರ ಸರಿ. ಉಪಗ್ರಹಗಳು ಬೇಕಾದಷ್ಟು ಸಿಗುತ್ತಿದ್ದವು. ವಾಪಸು ಬರುವ ದಾರಿಯಲ್ಲಂತೂ ಚುಕ್ಕೆ ಒಂದು ತಿರುವನ್ನೂ ಬಿಡದೆ ಬಂದಿತ್ತು. ಪೆಟ್ಟಿಗೆ ಸರಿ ಇದೆ ಎಂದು ಒಂದು ಮಾತು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹೇಳಲಿಲ್ಲ. ನಾನೇನು ದೊಡ್ಡ ಧರ್ಮಾತ್ಮಳೆಂದು ತಿಳಿಯಬೇಡಿ. ಇವತ್ತು ಸರಿ ಎಂದು ಹೇಳಿ, ನಾಳೆ ಹೊಸ ಡ್ರೈವರ್ ಬಂದ ಮೇಲೂ ಚುಕ್ಕೆ ಚಹಾದಂಗಡಿಯಲ್ಲೇ ನಿಂತರೆ ಮತ್ತೆ ನನ್ನನ್ನೇ ಕರೆಯುತ್ತಾರೆ. ಒಂದೇ ಕೆಲಸಕ್ಕೆ ಎರಡು ಸಲ ಕರೆದರೆ ನನಗೆ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ನಾನೂ ಹೋಗುತ್ತೇನೆ ಎಂದೆ. ಅಡುಗೆಮನೆಯಲ್ಲಿ ಹಬೆ, ಒಗ್ಗರಣೆಯ ಘಾಟು. ಮಾಲೀಕರು "ಚಲಾ, ಲೌಕರ್ ಚಲಾ" ಎಂದು ಮರಾಠಿಯಲ್ಲಿ ಹುಡುಗರನ್ನು ಓಡಿಸುತ್ತಿದ್ದರು. ಪಾತ್ರೆಗಳೆಲ್ಲ ಹಿಂದೆ ಏರಿದ ಮೇಲೆ ಡ್ರೈವರ್ ನನಗೆ ಮುಂದಿನ ಬಾಗಿಲು ತೆರೆದು ಹಿಡಿದರು.

"ಬರ್ರಿ ಅಕ್ಕಾರ, ಹುಷಾರಿಂದ ಹತ್ರಿ. ಮೆಟ್ಟಲಾ ಭಾಳ ಎತ್ತರ ಅದ."

ಇಂಜಿನ್ ಪೆಟ್ಟಿಗೆ ನೋಡಲಿಕ್ಕೆ ಬಂದೀನಿ ಎಂದೆ. ಅವರು ನಂಬಿದರು. ನಾನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಪೆಟ್ಟಿಗೆಗೆ ತಂತಿ ಚುಚ್ಚಿ ಕೂತೆ. ಮುಂದಿನ ಹಲಗೆಯ ಮೇಲೆ ಜಾಲರಿ ಅಂಚಿನ ಕೆಂಪು ಮಖಮಲ್ ಬಟ್ಟೆ ಹಾಸಿದ್ದರು. ಅದರ ಮೇಲೆ ಒಂದು ಸಣ್ಣ ಗಣಪತಿ, ಎರಡು ಚೆಂಡು ಹೂವು. ಆಂಟೆನಾ ಆ ಬಟ್ಟೆಯ ಕೆಳಗೆ ಎಲ್ಲೋ ಇತ್ತು. ಬಟ್ಟೆಯಿಂದ ಉಪಗ್ರಹಕ್ಕೆ ಅಡ್ಡಿಯಾಗುವುದಿಲ್ಲ ಎಂದು ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಗಲ್ಲಿಯ ಬಾಯಿಗೆ ಬಂದು ವ್ಯಾನು ನಿಂತೇ ನಿಂತಿತು. ಪಕ್ಕದಲ್ಲೇ ಚಹಾದಂಗಡಿ. ಆಹಾ, ಸಿಕ್ಕಿಬಿದ್ದೆಯಲ್ಲಪ್ಪಾ ಎಂದುಕೊಂಡೆ. ಆದರೆ ಡ್ರೈವರ್ ಇಳಿಯಲೇ ಇಲ್ಲ. ಅಂಗಡಿಯ ಪಕ್ಕದ ನೆಲಮಹಡಿಯ ಮನೆಯಿಂದ ಮಾಲೀಕರ ತಾಯಿ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ಒದ್ದೆ ಕೂದಲಿಗೆ ತುದಿಗಂಟು, ಹಣೆಯಲ್ಲಿ ಹಸಿ ಕುಂಕುಮ.

"ಚೆಲ್ಲಬಾರದು, ಆಯ್ತಾ? ನಿಧಾನಕ್ಕೆ ಹೋಗಿ" ಎಂದು ಕಿಟಕಿಯಲ್ಲಿ ಡಬ್ಬಿ ಕೊಟ್ಟು, ನನ್ನನ್ನು ನೋಡಿ ನಕ್ಕು ಒಳಗೆ ಹೋದರು. ಡ್ರೈವರ್ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ಕಣ್ಣಿಗೆ ಒತ್ತಿಕೊಂಡು, ಗಣಪತಿಯ ಪಕ್ಕದಲ್ಲಿ ಇಟ್ಟರು. ಟಕ್ ಎಂದು ಅದು ಕಚ್ಚಿಕೊಂಡು ಕೂತಿತು. ವ್ಯಾನು ಹೊರಟಿತು.

ಇದೇನು ಎಂದು ಕೇಳಿದೆ. ಅಡುಗೆಮನೆಯ ಮೊದಲ ಸೌಟು ದಿನಾ ಆ ತಾಯಿಯ ಮನೆಗೆ ಹೋಗುತ್ತದಂತೆ. ಅವರು ಪೂಜೆ ಮುಗಿಸಿ ಡಬ್ಬಿಗೆ ತುಂಬಿ ಕೊಡುತ್ತಾರೆ. ವಾಕಡದ ಹತ್ತಿರ ಸರ್ವಿಸ್ ರಸ್ತೆಯಲ್ಲಿರುವ ಸಣ್ಣ ಗಣಪತಿ ಗುಡಿಯಲ್ಲಿ ಅದು ನೈವೇದ್ಯವಾಗಬೇಕು, ಆಮೇಲೆಯೇ ಕ್ಯಾಂಟೀನಿನಲ್ಲಿ ಪಾತ್ರೆಯ ಮುಚ್ಚಳ ತೆಗೆಯಬೇಕು. ಕ್ಯಾಂಟೀನಿನ ಕೆಲಸ ಸಿಕ್ಕ ದಿನದಿಂದ ಇದು ಅವರ ಹರಕೆ.

"ಡಬ್ಬಿ ಕಾಲ ಕಡೆ ಇಡಸಂಗಿಲ್ರಿ. ಮಂದಿ ಕೂಡೋ ಸೀಟಿನ ಮ್ಯಾಲೂ ಇಡಸಂಗಿಲ್ಲ, ಮೈಲಿಗಿ ಆಕ್ಕೈತಿ ಅಂತಾರ ಅವ್ವಾರು. ಅದಕ್ಕ ಇಲ್ಲೇ ದೇವರ ಬಾಜೂಕ."

ನಾನು ಹೂಂ ಎನ್ನುತ್ತ ಲ್ಯಾಪ್‌ಟಾಪಿನ ಕಡೆ ನೋಡಿದೆ. ಉಪಗ್ರಹಗಳು ಒಂದೊಂದಾಗಿ ಉದುರಿ ಸೊನ್ನೆಗೆ ಬಂದಿದ್ದವು. ತಂತಿ ಸಡಿಲವಾಯಿತೇನೋ ಎಂದು ಅಲುಗಿಸಿದೆ. ಪೆಟ್ಟಿಗೆಯನ್ನು ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಹೆದ್ದಾರಿಗೆ ಬಂದೆವು, ತಲೆಯ ಮೇಲೆ ಪೂರ್ತಿ ಆಕಾಶ, ಆದರೂ ಸೊನ್ನೆ. ಗಾಡಿ ಸ್ವಲ್ಪ ನಿಲ್ಲಿಸಿ ಎಂದೆ.

"ಊಟದ ಗಾಡಿ ನಡುವ ನಿಲ್ಲಸಂಗಿಲ್ರಿ ಅಕ್ಕಾರ. ಮುಟ್ಟಿದ ಮ್ಯಾಲ ನೋಡ್ಕೋರಿ."

ಹರಟೆಮಲ್ಲ ಎಂಬ ಅಪವಾದ ಹೊತ್ತ ಮನುಷ್ಯ ಹೇಳಿದ ಮಾತು ಇದು. ನಾವು ಟ್ರಾಫಿಕ್ಕಿನಲ್ಲಿ ಬೆವರುತ್ತ ನಡುದಾರಿಯ ಬಾಣೇರ ದಾಟುತ್ತಿದ್ದೆವು. ಪರದೆಯ ಮೇಲೆ ಚುಕ್ಕೆ ಕೋಥರೂಡದಲ್ಲೇ ಹಾಯಾಗಿತ್ತು. ನಾನೂ ಡ್ರೈವರೂ ಕೂತು ಚಹಾ ಕುಡಿಯುತ್ತಿದ್ದೇವೆಂದು ಕಂಪನಿಯವರು ಆ ಹೊತ್ತಿಗೆ ತಿಳಿದುಕೊಂಡಿದ್ದಿರಬೇಕು.

ಗುಡಿ ಬಂತು. ಡ್ರೈವರ್ ಡಬ್ಬಿಯನ್ನು ಒಂದಿಷ್ಟು ಜಗ್ಗಿಯೇ ಎತ್ತಬೇಕಾಯಿತು. ಅವರು ಅದನ್ನು ಒಯ್ದು ಒಪ್ಪಿಸಿ ಬರುವಷ್ಟರಲ್ಲಿ ನನ್ನ ಪರದೆಗೆ ಜೀವ ಬಂದಿತ್ತು. ಚುಕ್ಕೆ ಒಂದೇ ನೆಗೆತಕ್ಕೆ ವಾಕಡಕ್ಕೆ ಬಂದು ಕೂತಿತ್ತು. ಮಖಮಲ್ ಬಟ್ಟೆ ಎತ್ತಿ ನೋಡಿದೆ. ನನ್ನ ಆಂಟೆನಾ ಹೊಟ್ಟೆ ಮೇಲೆ ಮಾಡಿ ಅಂಗಾತ ಮಲಗಿತ್ತು. ಅಯಸ್ಕಾಂತ ಮೇಲೆ, ಕಿವಿ ಕೆಳಗೆ. ಡಬ್ಬಿ ಇಲ್ಲದಾಗ ಹೇಗೋ ಒದ್ದಾಡಿ ಉಪಗ್ರಹಗಳನ್ನು ಹಿಡಿಯುತ್ತಿತ್ತು. ಸ್ಟೀಲಿನ ಡಬ್ಬಿ ಮೇಲೆ ಕೂತರೆ ಮುಗಿಯಿತು, ಪೂರ್ತಿ ಕಿವುಡು, ಪೆಟ್ಟಿಗೆ ಕೊನೆಗೆ ಗೊತ್ತಿದ್ದ ಚಹಾದಂಗಡಿಯನ್ನೇ ಜಪಿಸುತ್ತಿತ್ತು.

"ಇದನ್ನ ಹಿಂಗ ತಿರುವಿ ಯಾರು ಹಚ್ಚಿದ್ರು ಅಣ್ಣಾರ?"

"ನಾನರಿ. ಬಿಸಲಿಗೆ ಅಂಟು ಬಿಟ್ಟಿತ್ತು. ಚುಂಬಕ ಕೆಳಗ ಆಗಿತ್ತು, ಡಬ್ಬಿ ಹಿಡೀತಿದ್ದಿಲ್ಲ. ತಿರುವಿ ಹಚ್ಚಿದೆ." ಅವರ ಮುಖ ಅರಳಿತ್ತು. "ಯಾರರೆ ಭಾಳ ಛಲೋ ವಿಚಾರ ಮಾಡಿ ಇಟ್ಟಾರ್ರಿ ಇದನ್ನ. ಮೊದಲ ಒಂದು ಕೈಯಾಗ ಡಬ್ಬಿ, ಒಂದು ಕೈಯಾಗ ಸ್ಟೇರಿಂಗ್. ಹಂಪ್ ಬಂದ್ರ ಸಾರು ಚೆಲ್ಲತಿತ್ತು. ಈಗ ಅಳ್ಳಾಡಂಗಿಲ್ಲ. ಮಾಲಕರು ಅವ್ವಾರ ಸಲುವಾಗಿ ಹಚ್ಚಿಸ್ಯಾರಂತ ತಿಳ್ಕೊಂಡೆ."

ನಾನು ನಕ್ಕುಬಿಟ್ಟೆ. ಎಷ್ಟೋ ದಿನಗಳ ಮೇಲೆ ಕೆಲಸದ ನಡುವೆ ಬಂದ ನಗು. ಆ ಗುಂಡನೆಯ ಕಪ್ಪು ವಸ್ತು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲವಲ್ಲ, ಅವರು ಅದಕ್ಕೆ ತಮಗೆ ತಿಳಿದ ಉಪಯೋಗ ಕೊಟ್ಟಿದ್ದರು. ಅವರ ಕೆಲಸ ಉಳಿಯಿತು ಎಂದು ನನಗೆ ನಿಜವಾಗಿಯೂ ಖುಷಿಯಾಗಿತ್ತು. ಆ ಖುಷಿಯಲ್ಲೇ ಹೇಳಿದೆ: "ಅಣ್ಣಾರ, ಇನ್ನ ಯಾರೂ ನಿಮಗ ಚಾದಂಗಡಿ ಮುಂದ ನಿಂತಿರತೀರಿ ಅನ್ನಂಗಿಲ್ಲ ಬಿಡ್ರಿ."

"ಯಾರ ಅಂದ್ರು ಹಂಗ?"

ಬಾಯಿಂದ ಬಿದ್ದ ಮಾತನ್ನು ಮರಳಿ ಎತ್ತಿಕೊಳ್ಳಲು ಆಗಲಿಲ್ಲ. ಹೇಳಬೇಕಾಯಿತು. ಇದು ಇಂಜಿನ್ನಿನ ಪೆಟ್ಟಿಗೆಯಲ್ಲ. ಗಾಡಿ ಎಲ್ಲೆಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮಾಲೀಕರಿಗೂ ಕಂಪನಿಗೂ ಹೇಳುವ ಪೆಟ್ಟಿಗೆ. ಡಬ್ಬಿಯಿಂದಾಗಿ ತಪ್ಪು ತೋರಿಸಿತು, ಶನಿವಾರ ನಿಮ್ಮನ್ನು ಬಿಡಿಸುವವರಿದ್ದರು, ಈಗ ನಾನು ಎಲ್ಲ ಸರಿ ಮಾಡುತ್ತೇನೆ ಎಂದೆ. ಅವರು ಕೇಳಿಸಿಕೊಂಡರು. ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ಮಳೆಗಾಲಕ್ಕೂ ಮೊದಲಿನಿಂದ ಎಂದೆ. ಆಮೇಲೆ ಗಾಡಿ ಚಾಲೂ ಮಾಡಿದರು. ಕ್ಯಾಂಟೀನಿನಲ್ಲಿ ಊಟ ಇಳಿಸಿದರು, ಹೊತ್ತಿಗೆ ಸರಿಯಾಗಿ. ನಾನು ಆಂಟೆನಾವನ್ನು ಕಿತ್ತು, ನೆಟ್ಟಗೆ ಮಾಡಿ, ವ್ಯಾನಿನ ತಗಡಿನ ಮಾಡಿನ ಮೇಲೆ ಕೂರಿಸಿದೆ. ಗಟ್ಟಿಯಾಗಿ ಹಿಡಿಯಿತು. ಮೊದಲೇ ಅಲ್ಲಿ ಇಡಬಹುದಿತ್ತು. ಡ್ರೈವರಿಗೆ ಕಾಣಿಸುತ್ತದೆ ಎಂದು ಮಾಲೀಕರು ಬೇಡ ಎಂದಿದ್ದರು.

ಕೋಥರೂಡಕ್ಕೆ ಮರಳಿದ ಮೇಲೆ ಮಾಲೀಕರಿಗೆ ನಡೆದದ್ದನ್ನು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಮ್ಮನ ಡಬ್ಬಿಯಾ ಮಾರಾಯ್ರೆ! ಅಬ್ಬ, ದೊಡ್ಡ ಭಾರ ಇಳಿಯಿತು" ಎಂದು ಡ್ರೈವರಿನ ಹೆಗಲ ಮೇಲೆ ಕೈ ಹಾಕಿದರು. "ನಿಮ್ಮದೇನೂ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ, ಇನ್ನೆಂತ? ಮನಸ್ಸಿನಲ್ಲಿ ಇಟ್ಟುಕೊಳ್ಬೇಡಿ."

ಡ್ರೈವರ್ ಗಾಡಿಯ ಕೀಲಿಯನ್ನು ಮೇಜಿನ ಮೇಲೆ ಇಟ್ಟರು.

"ನನ್ನ ಕೇಳಿದ್ರ ಹೇಳತಿದ್ದಿಲ್ಲೇನ್ರಿ ಮಾಲಕರ? ಯಾಕೋ ದಿನಾ ಅಲ್ಲೆ ನಿಂದ್ರತಿ ಅಂತ ಒಂದು ಮಾತು? ಬೈದು ಕೇಳಿದ್ರೂ ನಡೀತಿತ್ತು."

ಮಾಲೀಕರ ನಗು ನಿಂತಿತು. ಕೂತು ಮಾತಾಡುವ ಎಂದರು, ಊಟ ಮಾಡಿ ಎಂದರು, ಕಂಪನಿಯವರ ಕಾಟ ನಿಮಗೇನು ಗೊತ್ತು ಎಂದರು. ಡ್ರೈವರ್ ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದರು. ಕೀಲಿ ಮಾತ್ರ ಮುಟ್ಟಲಿಲ್ಲ. "ಅವ್ವಾರಿಗೆ ಡಬ್ಬಿ ಸುದ್ದಿ ಹೇಳಬ್ಯಾಡ್ರಿ. ತಮ್ಮಿಂದ ಆತಂತ ಭಾಳ ನೊಂದ್ಕೋತಾರ" ಎಂದು ಕೈ ಮುಗಿದು ಹೊರಬಿದ್ದರು.

ನಾನು ಹಿಂದೆಯೇ ಹೋದೆ. ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದೆ. ದುಡುಕಬೇಡಿ, ಈ ವಯಸ್ಸಿನಲ್ಲಿ ಎಲ್ಲಿ ಕೆಲಸ ಹುಡುಕುತ್ತೀರಿ, ಈಗ ಎಲ್ಲ ಗಾಡಿಗೂ ಇದನ್ನು ಕೂರಿಸುತ್ತಾರೆ, ಎಲ್ಲಿ ಹೋದರೂ ತಪ್ಪಿದ್ದಲ್ಲ ಎಂದೆ.

"ಹಚ್ಚಲಿ ಬಿಡ್ರಿ. ಹೇಳಿ ಹಚ್ಚಲಿ" ಎಂದರು. ಬಸ್ಸು ಬರುವ ದಿಕ್ಕಿಗೆ ನೋಡುತ್ತ ಕೇಳಿದರು: "ನಿಮಗೂ ಹಚ್ಚ್ಯಾರೇನ್ರಿ ಅಕ್ಕಾರ?"

"ಹೂಂರಿ. ನಮ್ಮದು ಫೋನಿನಾಗ ಅದ." ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ನಾನು ಎಲ್ಲಿದ್ದೇನೆ ಎಂದು ನಮ್ಮ ಆಫೀಸಿನ ಪರದೆಗೂ ಕಾಣುತ್ತದೆ.

"ಹೇಳಿ ಹಚ್ಚ್ಯಾರ?"

"ಹೇಳೇ ಹಚ್ಚ್ಯಾರ."

"ಮತ್ತ ನೀವು ಹೂಂ ಅಂದ್ರಿ?"

ಚುಚ್ಚಬೇಕೆಂದು ಕೇಳಿದ್ದಲ್ಲ. ಗೊತ್ತಾಗದೆ ಕೇಳಿದ್ದು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಮೇಜಿನ ಮೇಲೆ ಕೀಲಿ ಇಟ್ಟು ನಡೆಯುವುದು ಇವರಿಗೆ ಇಷ್ಟು ಸುಲಭವೇ ಎಂದು. ನನಗೆ ಮನೆ ಇದೆ, ಓದುವ ಮಗಳಿದ್ದಾಳೆ, ಎಲ್ಲರೂ ಹೂಂ ಅಂದಾಗ ನಾನೊಬ್ಬಳು ಏನು ಮಾಡಲಿ ಎಂದೆಲ್ಲ ನಾಲಿಗೆಯ ತುದಿಗೆ ಬಂತು. ಅವರಿಗೂ ಮನೆ ಇತ್ತು.

ಸ್ವಾರಗೇಟಿನ ಬಸ್ಸು ಬಂತು. "ಬರ್ತೀನ್ರಿ ಅಕ್ಕಾರ, ಬಿಸಲಾಗ ನಿಂದರಬ್ಯಾಡ್ರಿ" ಎಂದು ಹತ್ತಿದರು. ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾನು ಅಲ್ಲೇ ನಿಂತಿದ್ದೆ. ಆಗ ಆಫೀಸಿನಿಂದ ಫೋನು ಬಂತು. ಮೇಡಂ, ಆಗಿನಿಂದ ಬಸ್ ಸ್ಟಾಪಿನ ಹತ್ತಿರವೇ ನಿಂತಿದ್ದೀರಲ್ಲ, ಮುಂದಿನ ಕೆಲಸಕ್ಕೆ ಇನ್ನೂ ಹೊರಟಿಲ್ಲವೇ ಎಂದು ಕೇಳಿದರು.

ಹೊರಟೆ ಎಂದು ಹೇಳಿ, ಅಡುಗೆಮನೆಯ ಮುಂದೆ ನಿಲ್ಲಿಸಿದ್ದ ಸ್ಕೂಟರಿನ ಕೀಲಿಯನ್ನು ಚೀಲದಲ್ಲಿ ಹುಡುಕಿದೆ. ಹೇಳುವ ಅಗತ್ಯವಿರಲಿಲ್ಲ. ಹೊರಟರೆ ಅವರಿಗೇ ಕಾಣುತ್ತಿತ್ತು.